ಶಾಲೆಯಿಂದ ಸಂಶೋಧನೆಯವರೆಗೆ: ಗ್ರಂಥಾಲಯಗಳಲ್ಲಿ ಮಾಹಿತಿ ಸಾಕ್ಷರತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಬಗೆ

ಗ್ರಂಥಪಾಲಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ನಮಗೆ ವರ್ಷಕ್ಕೆ ಸಿಗುವುದು ಒಂದೋ ಎರಡೋ ತರಗತಿ. ಅಷ್ಟರಲ್ಲಿ ಏನು ಕಲಿಸೋಣ?" ಶಾಲೆಯವರೂ ಕೇಳುತ್ತಾರೆ, ಕಾಲೇಜಿನವರೂ ಕೇಳುತ್ತಾರೆ, ಆಸ್ಪತ್ರೆಯೊಳಗಿನ ಪುಟ್ಟ ಗ್ರಂಥಾಲಯ ನೋಡಿಕೊಳ್ಳುವವರೂ ಕೇಳುತ್ತಾರೆ. ಪ್ರಶ್ನೆ ಒಂದೇ ಆದರೂ ಉತ್ತರ ಒಂದೇ ಅಲ್ಲ. ನಿಮ್ಮ ಬಾಗಿಲಿಗೆ ಬಂದವರು ಹಿಂದಿನ ಬಾಗಿಲಲ್ಲಿ ಏನು ಕಲಿತು ಬಂದಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ.

ಬಹಳ ಕಡೆ ಎಲ್ಲರೂ ಮೊದಲ ಮೆಟ್ಟಿಲನ್ನೇ ಕಟ್ಟುತ್ತಾರೆ. ಶಾಲೆಯಲ್ಲಿ ಕಪಾಟು ತೋರಿಸುತ್ತಾರೆ. ಕಾಲೇಜಿನಲ್ಲಿ ಮತ್ತೆ ಕಪಾಟು, ಕ್ಯಾಟಲಾಗು, ಎರವಲಿನ ನಿಯಮ. ವಿಶ್ವವಿದ್ಯಾಲಯದಲ್ಲೂ ಅದೇ ಸುತ್ತಾಟ, ಕಟ್ಟಡ ಮಾತ್ರ ದೊಡ್ಡದು. ಮೂರು ಸಲ ಕಪಾಟು ನೋಡಿದವರು ಒಂದು ಲೇಖನವನ್ನು ನಂಬಬಹುದೋ ಬೇಡವೋ ಎಂದು ತೂಗುವುದನ್ನು ಒಮ್ಮೆಯೂ ಕಲಿಯದೆ ಪದವಿ ಮುಗಿಸುತ್ತಾರೆ. ಈ ಮಾರ್ಗದರ್ಶಿ ಆ ಪುನರಾವರ್ತನೆಯನ್ನು ತಪ್ಪಿಸಿ, ಪ್ರತಿ ಗ್ರಂಥಾಲಯವೂ ತನ್ನ ಪಾಲಿನ ಮೆಟ್ಟಿಲನ್ನು ಕಟ್ಟುವುದು ಹೇಗೆ ಎಂಬುದರ ಬಗ್ಗೆ.

ಮೊದಲು 'ಮಾಹಿತಿ ಸಾಕ್ಷರತೆ' ಎಂಬ ಪದದ ಅರ್ಥ. ತನಗೆ ಯಾವಾಗ ಮಾಹಿತಿ ಬೇಕು ಎಂದು ಗುರುತಿಸುವುದು, ಅದನ್ನು ಹುಡುಕುವುದು, ಸಿಕ್ಕಿದ್ದನ್ನು ತೂಗುವುದು, ಸರಿಯಾಗಿ ಬಳಸುವುದು: ಈ ನಾಲ್ಕೂ ಬಲ್ಲವರು ಮಾಹಿತಿ ಸಾಕ್ಷರರು. ಅಮೆರಿಕದ ಗ್ರಂಥಾಲಯ ಸಂಘದ ಸಮಿತಿಯೊಂದು 1989ರಲ್ಲಿ ಕೊಟ್ಟ ವ್ಯಾಖ್ಯೆಯ ತಿರುಳು ಇದು. ಪದವನ್ನು ಮೊದಲು ಬಳಕೆಗೆ ತಂದವರು ಅಮೆರಿಕದ ಮಾಹಿತಿ ಉದ್ಯಮ ಸಂಘದ ಅಧ್ಯಕ್ಷರಾಗಿದ್ದ ಪಾಲ್ ಜುರ್ಕೋವ್‌ಸ್ಕಿ, 1974ರಲ್ಲಿ. ಅವರ ಮನಸ್ಸಿನಲ್ಲಿದ್ದವರು ಕೆಲಸದ ಜಾಗದಲ್ಲಿ ಮಾಹಿತಿ ಬಳಸುವವರು. ಹಾಗಾಗಿ ಕಚೇರಿ, ಆಸ್ಪತ್ರೆ, ನ್ಯಾಯಾಲಯಗಳ ಗ್ರಂಥಾಲಯಗಳನ್ನು ಈ ಮಾತಿನಿಂದ ಹೊರಗಿಡಲು ಕಾರಣವೇ ಇಲ್ಲ.

1. ಐದು ಎಳೆಗಳನ್ನು ಗೊತ್ತುಮಾಡಿಕೊಳ್ಳಿ

ಯಾವ ವಯಸ್ಸಿನವರಿಗೆ ಕಲಿಸಿದರೂ ಎಳೆಗಳು ಐದೇ: ಪ್ರಶ್ನೆ, ಹುಡುಕಾಟ, ತೂಕ, ಬಳಕೆ, ಋಣ. ಕೊನೆಯದು ಉಲ್ಲೇಖ ಕೊಡುವುದು, ಅಂದರೆ ಯಾರಿಂದ ಪಡೆದೆ ಎಂದು ಒಪ್ಪಿಕೊಳ್ಳುವುದು. ಮೇಲಿನ ಮೆಟ್ಟಿಲಿಗೆ ಹೋದಾಗ ಹೊಸ ಎಳೆ ಸೇರುವುದಿಲ್ಲ, ಇದ್ದ ಎಳೆಯೇ ದಪ್ಪವಾಗುತ್ತದೆ. ಶಿಕ್ಷಣತಜ್ಞ ಜೆರೋಮ್ ಬ್ರೂನರ್ 1960ರಲ್ಲಿ ಮುಂದಿಟ್ಟ ಸುರುಳಿ ಪಠ್ಯಕ್ರಮದ ವಿಚಾರ ಇದೇ: ಒಂದೇ ವಿಷಯಕ್ಕೆ ಮತ್ತೆ ಮತ್ತೆ ಬರುವುದು, ಬಂದಾಗಲೆಲ್ಲ ಇನ್ನಷ್ಟು ಆಳಕ್ಕೆ ಇಳಿಯುವುದು.

'ತೂಕ' ಎಂಬ ಒಂದೇ ಎಳೆಯನ್ನು ನೋಡಿ. ಎಂಟು ವರ್ಷದ ಮಗು ಕೇಳಬೇಕಾದದ್ದು "ಇದನ್ನು ಯಾರು ಬರೆದರು?" ಹದಿನಾಲ್ಕರ ಹುಡುಗಿ ಕೇಳಬೇಕಾದದ್ದು "ಬರೆದವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ?" ಪದವಿ ವಿದ್ಯಾರ್ಥಿಯ ಪ್ರಶ್ನೆ "ನನ್ನ ಕೆಲಸಕ್ಕೆ ಈ ಬಗೆಯ ಆಕರ ಸಾಕೇ?" ಸಂಶೋಧಕನದು "ಇದರ ವಿಧಾನ ಸರಿಯಿದೆಯೇ, ಆಮೇಲೆ ಇದನ್ನು ಯಾರಾದರೂ ಅಲ್ಲಗಳೆದಿದ್ದಾರೆಯೇ?" ಉಳಿದ ನಾಲ್ಕು ಎಳೆಗಳಿಗೂ ಹೀಗೆ ನಾಲ್ಕು ನಾಲ್ಕು ಸಾಲು ಬರೆದರೆ ಇಪ್ಪತ್ತು ಸಾಲಿನ ಒಂದು ಹಾಳೆಯಾಗುತ್ತದೆ. ನಿಮ್ಮ ಪಠ್ಯಕ್ರಮಕ್ಕೆ ಅಷ್ಟು ಸಾಕು.

ಎಡವುವ ಜಾಗ: ಸಿದ್ಧ ಚೌಕಟ್ಟುಗಳನ್ನು ಬೆರೆಸುವುದು. ಬಿಗ್ ಸಿಕ್ಸ್ ಎಂಬ ಆರು ಹೆಜ್ಜೆಗಳ ಮಾದರಿ ಶಾಲೆಗಳಲ್ಲಿ ಹೆಸರುವಾಸಿ. ಬ್ರಿಟನ್ನಿನ ಕಾಲೇಜು, ವಿಶ್ವವಿದ್ಯಾಲಯ ಗ್ರಂಥಾಲಯಗಳ ಸ್ಕೋನಲ್ ಸಂಸ್ಥೆಯ ಏಳು ಕಂಬಗಳ ಮಾದರಿ 1999ರದು, 2011ರಲ್ಲಿ ಪರಿಷ್ಕೃತವಾಯಿತು. ಅಮೆರಿಕದ ಕಾಲೇಜು ಗ್ರಂಥಾಲಯಗಳ ಸಂಘ 2000ದಲ್ಲಿ ಐದು ಮಾನದಂಡಗಳ ಪಟ್ಟಿ ತಂದಿತು, ಆಮೇಲೆ ಅದನ್ನು ಕೈಬಿಟ್ಟು ಆರು ಪರಿಕಲ್ಪನೆಗಳ ಚೌಕಟ್ಟಿಗೆ ಬಂತು. ಎಲ್ಲವೂ ಒಳ್ಳೆಯವೇ. ಆದರೆ ಶಾಲೆ ಒಂದರ ಪದಗಳನ್ನು, ಕಾಲೇಜು ಇನ್ನೊಂದರ ಪದಗಳನ್ನು ಬಳಸಿದರೆ ಕಲಿಯುವವರಿಗೆ ಎರಡೂ ಒಂದೇ ಎಂದು ಹೊಳೆಯುವುದೇ ಇಲ್ಲ. ಒಂದನ್ನು ಆರಿಸಿ, ಪದಗಳನ್ನು ಕೊನೆಯವರೆಗೂ ಬದಲಿಸಬೇಡಿ.

2. ಹತ್ತು ನಿಮಿಷದ ಮುನ್ಪರೀಕ್ಷೆ

ತರಗತಿಗೆ ಒಂದು ವಾರ ಮೊದಲೇ ನಡೆಸಿ. "ನಿಮಗೆ ಹುಡುಕಲು ಬರುತ್ತದೆಯೇ?" ಎಂದು ಕೇಳಬೇಡಿ, ಎಲ್ಲರೂ ಬರುತ್ತದೆ ಎನ್ನುತ್ತಾರೆ. ಎಲ್ಲರಿಗಿಂತ ಜೋರಾಗಿ ಹಾಗೆನ್ನುವವರು ಸಾಮಾನ್ಯವಾಗಿ ಹಿಂದುಳಿದವರೇ. ಮಾಡಿ ತೋರಿಸುವ ನಾಲ್ಕು ಚಿಕ್ಕ ಕೆಲಸ ಕೊಡಿ:

ಅ) ಒಂದು ದೊಡ್ಡ ವಿಷಯವನ್ನು ಹುಡುಕಬಹುದಾದ ಪ್ರಶ್ನೆಯಾಗಿ ಬರೆಯುವುದು.
ಆ) ಆ ಪ್ರಶ್ನೆಗೆ ಹುಡುಕುಪೆಟ್ಟಿಗೆಯಲ್ಲಿ ಏನು ಟೈಪಿಸುತ್ತೀರಿ ಎಂದು ಇದ್ದಂತೆಯೇ ಬರೆಯುವುದು.
ಇ) ಕೊಟ್ಟ ಎರಡು ಪುಟಗಳಲ್ಲಿ ಯಾವುದನ್ನು ನಂಬುತ್ತೀರಿ, ಯಾಕೆ ಎಂದು ಒಂದು ವಾಕ್ಯ.
ಈ) ಒಂದು ಪ್ಯಾರಾವನ್ನು ಸ್ವಂತ ಮಾತಿನಲ್ಲಿ ಎರಡು ಸಾಲಿಗೆ ಇಳಿಸಿ, ಎಲ್ಲಿಂದ ತೆಗೆದದ್ದು ಎಂದು ನಮೂದಿಸುವುದು.

ಹತ್ತರಲ್ಲಿ ಏಳು ಜನ ಸರಿ ಮಾಡಿದ್ದನ್ನು ತರಗತಿಯಿಂದ ತೆಗೆದುಹಾಕಿ. ಉಳಿದ ಮೂವರಿಗೆ ಬೇರೆ ಹೊತ್ತಿನಲ್ಲಿ ಹೇಳಿಕೊಡಿ. ಇಷ್ಟು ನಿಷ್ಠುರವಾಗಿ ಕತ್ತರಿಸದಿದ್ದರೆ ಇರುವ ಒಂದು ಗಂಟೆ ಗೊತ್ತಿದ್ದದ್ದನ್ನೇ ಹೇಳುವುದರಲ್ಲಿ ಕಳೆಯುತ್ತದೆ.

3. ಕಿರಿಯರ ಶಾಲಾ ಗ್ರಂಥಾಲಯ (ಆರರಿಂದ ಹತ್ತು ವರ್ಷ)

ಒಂದು ಸಲಕ್ಕೆ 20ರಿಂದ 25 ನಿಮಿಷ, ಒಂದೇ ಕೌಶಲ. ವರ್ಷಕ್ಕೆ ಒಂದು ದೊಡ್ಡ ಕಾರ್ಯಕ್ರಮಕ್ಕಿಂತ ತಿಂಗಳಿಗೊಂದು ಪುಟ್ಟ ಆಟ ಹೆಚ್ಚು ನಿಲ್ಲುತ್ತದೆ.

ಕಪಾಟಿನ ಕ್ರಮವನ್ನು ಉಪನ್ಯಾಸದಿಂದ ಕಲಿಸಲಾಗದು. ಡ್ಯೂಯಿ ದಶಮಾಂಶ ಪದ್ಧತಿ (ವಿಷಯಗಳಿಗೆ ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಕ್ರಮ) ಇರುವ ಕಡೆ ಒಂದು ಕೆಲಸ ಕೊಡಿ: ಬೆಕ್ಕಿನ ಪುಸ್ತಕ, ಹುಲಿಯ ಪುಸ್ತಕ ಎರಡನ್ನೂ ಹುಡುಕಿ ತರಬೇಕು. ಸಾಕುಬೆಕ್ಕು 636.8ರಲ್ಲಿ, ಸಾಕುಪ್ರಾಣಿಗಳ ಜೊತೆ ಕೂತಿರುತ್ತದೆ. ಹುಲಿ 599.75ರ ಸುತ್ತ, ಕಾಡಿನ ಸಸ್ತನಿಗಳ ಸಾಲಿನಲ್ಲಿ. ಒಂದೇ ಕುಲದ ಪ್ರಾಣಿಗಳು ದೂರ ದೂರ ಯಾಕೆ ಎಂದು ಮಕ್ಕಳೇ ಕೇಳುತ್ತಾರೆ. ಆಗ ಹೇಳಿ: ಯಾರೋ ಒಂದು ದೃಷ್ಟಿಯಿಂದ ಜೋಡಿಸಿದ್ದಾರೆ, ಬೇರೆ ದೃಷ್ಟಿಯಿಂದಲೂ ಜೋಡಿಸಬಹುದಿತ್ತು. ಮುಂದೆ ಹುಡುಕುತಾಣದ ಫಲಿತಾಂಶಗಳ ಕ್ರಮವನ್ನು ಅನುಮಾನಿಸುವ ಬುದ್ಧಿಗೆ ಬೀಜ ಬೀಳುವುದು ಇಲ್ಲೇ.

ಇನ್ನೆರಡು ಆಟಗಳು. ಪರಿವಿಡಿ (ಮುಂದಿರುವ ಅಧ್ಯಾಯಗಳ ಪಟ್ಟಿ) ಮತ್ತು ಪದಸೂಚಿ (ಹಿಂದಿರುವ ಅಕಾರಾದಿ ಪದಪಟ್ಟಿ), ಇವುಗಳಲ್ಲಿ ಯಾವುದರಿಂದ ಉತ್ತರ ಬೇಗ ಸಿಗುತ್ತದೆ ಎಂಬ ಪಂದ್ಯ. ಮತ್ತೊಂದು ಟಿಪ್ಪಣಿ ಆಟ: ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಐದೇ ಪದಗಳಲ್ಲಿ ಬರೆಯಬೇಕು. ಮುಚ್ಚಿದ ಪುಸ್ತಕದಿಂದ ನಕಲು ಮಾಡಲಾಗುವುದಿಲ್ಲ. ಕೃತಿಚೌರ್ಯ ತಡೆಯುವ ಪಾಠ ಕಾಲೇಜಿನಲ್ಲಿ ಶುರುವಾಗಬೇಕಿಲ್ಲ, ಈ ಐದು ಪದಗಳಲ್ಲೇ ಶುರುವಾಗಬಹುದು. ಬರೆದ ಪದಗಳ ಕೆಳಗೆ ಪುಸ್ತಕದ ಹೆಸರು, ಬರೆದವರ ಹೆಸರು. ಈ ವಯಸ್ಸಿಗೆ ಅಷ್ಟೇ ಉಲ್ಲೇಖ. ಅಲ್ಪವಿರಾಮ, ಪೂರ್ಣವಿರಾಮಗಳ ಚಿಂತೆ ಬೇಡ.

ಎಡವುವ ಜಾಗ: "ಆನೆಯ ಬಗ್ಗೆ ಬರೆದುಕೊಂಡು ಬಾ" ಎಂಬ ಬಗೆಯ ಪ್ರಾಜೆಕ್ಟ್. ಅದು ಪ್ರಶ್ನೆಯೇ ಅಲ್ಲ, ನಕಲಿಗೆ ಆಹ್ವಾನ. "ಆನೆ, ತಿಮಿಂಗಿಲ ಎರಡರಲ್ಲಿ ಮರಿ ಸಾಕುವುದು ಯಾರಿಗೆ ಹೆಚ್ಚು ಕಷ್ಟ? ಯಾಕೆ ಹಾಗನ್ನುತ್ತೀ?" ಎಂದು ಶಿಕ್ಷಕರು ಬದಲಿಸಿದರೆ ಒಂದೇ ಪುಸ್ತಕದಿಂದ ಉತ್ತರ ಎತ್ತಲಾಗದು. ಈ ಬದಲಾವಣೆಗೆ ಶಿಕ್ಷಕರನ್ನು ಒಪ್ಪಿಸುವುದೂ ಗ್ರಂಥಪಾಲಕರ ಕೆಲಸವೇ.

4. ಪ್ರೌಢಶಾಲೆ: ಪಕ್ಕಕ್ಕೆ ಹೊರಳಿ ಓದುವುದು

ಇಡೀ ಏಣಿಯಲ್ಲಿ ಅತಿ ಮುಖ್ಯವಾದ ಮೆಟ್ಟಿಲು ಇದು. ಇಲ್ಲಿ ಗಟ್ಟಿಯಾಗದಿದ್ದರೆ ಮುಂದಿನವರಿಗೆ ಕಟ್ಟಲು ನೆಲವಿರುವುದಿಲ್ಲ. ಕನಿಷ್ಠ ಮೂರು ತರಗತಿ, ತಲಾ 40 ನಿಮಿಷ ಬೇಕು.

ಮೊದಲ ತರಗತಿ ಪ್ರಶ್ನೆಗೆ. 'ಮೊಬೈಲ್' ಎಂಬುದು ವಿಷಯ. 'ಮೊಬೈಲ್ ಒಳ್ಳೆಯದೋ ಕೆಟ್ಟದ್ದೋ' ಎಂಬುದು ಜಗಳ. 'ರಾತ್ರಿ ಮೊಬೈಲ್ ನೋಡುವುದರಿಂದ ಹದಿಹರೆಯದವರ ನಿದ್ರೆ ಕಡಿಮೆಯಾಗುತ್ತದೆಯೇ?' ಎಂಬುದು ಹುಡುಕಬಹುದಾದ ಪ್ರಶ್ನೆ. ಯಾರು, ಏನು, ಯಾವಾಗ ಎಂಬ ಮೂರರಲ್ಲಿ ಎರಡನ್ನಾದರೂ ಸೇರಿಸಿ ಪ್ರಶ್ನೆಯನ್ನು ಕಿರಿದು ಮಾಡಲು ಹೇಳಿ. ನಂತರ ಪ್ರಶ್ನೆಯಿಂದ ಕೀಲಿಪದಗಳನ್ನು (ಹುಡುಕಲು ಬಳಸುವ ಮುಖ್ಯ ಪದಗಳನ್ನು) ಹೆಕ್ಕಿ, ಪ್ರತಿಯೊಂದಕ್ಕೂ ಎರಡು ಪರ್ಯಾಯ ಪದ ಬರೆಸಿ. ಉದ್ಧರಣ ಚಿಹ್ನೆಯೊಳಗೆ ಟೈಪಿಸಿದರೆ ಪದಗಳು ಅದೇ ಕ್ರಮದಲ್ಲಿರುವ ಪುಟಗಳು ಸಿಗುತ್ತವೆ ಎಂಬುದನ್ನು ಒಮ್ಮೆ ತೋರಿಸಿದರೆ ಸಾಕು. ಒಂದೇ ಪದವನ್ನು ಎರಡು ಕಾಗುಣಿತದಲ್ಲಿ, ಎರಡು ಭಾಷೆಯಲ್ಲಿ ಹುಡುಕಿಸಿ ಫಲಿತಾಂಶ ಹೋಲಿಸುವುದನ್ನು ಮಾತ್ರ ಬಿಡಬೇಡಿ. ಯಂತ್ರ ಅರ್ಥವನ್ನಲ್ಲ, ಬಹುಪಾಲು ಪದವನ್ನೇ ಹುಡುಕುತ್ತದೆ ಎಂದು ಮಕ್ಕಳಿಗೆ ಕಣ್ಣಾರೆ ಕಾಣುವುದು ಆಗಲೇ.

ಎರಡನೆಯ ತರಗತಿ ತೂಕಕ್ಕೆ. ಪುಟದ ದಿನಾಂಕ, ಲೇಖಕ, ಉದ್ದೇಶ, ನಿಖರತೆ ಎಂದು ಪಟ್ಟಿ ಹಿಡಿದು ಟಿಕ್ ಹಾಕಿಸುವುದು ಹಳೆಯ ರೂಢಿ. ಇಂಥ ಪಟ್ಟಿಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು 2004ರಲ್ಲಿ ಕ್ಯಾಲಿಫೋರ್ನಿಯಾದ ಗ್ರಂಥಪಾಲಕಿ ಸಾರಾ ಬ್ಲೇಕ್ಸ್‌ಲೀ ರೂಪಿಸಿದ ಕ್ರಾಪ್ ಪರೀಕ್ಷೆ. ಕಾಲೇಜಿನಲ್ಲಿ ಒಂದು ಲೇಖನವನ್ನು ಕೂತು ಪರಿಶೀಲಿಸಲು ಅದು ಈಗಲೂ ಉಪಯುಕ್ತ. ಆದರೆ ಜಾಲತಾಣಕ್ಕೆ ಅದೊಂದೇ ಸಾಲದು. ಮೋಸ ಮಾಡಲು ಕಟ್ಟಿದ ತಾಣದಲ್ಲೂ ಚೆಂದದ ಲೋಗೋ ಇರುತ್ತದೆ, ನಿನ್ನೆಯ ದಿನಾಂಕ ಇರುತ್ತದೆ, 'ನಮ್ಮ ಬಗ್ಗೆ' ಪುಟವೂ ಇರುತ್ತದೆ. ಟಿಕ್‌ಗಳೆಲ್ಲ ಬೀಳುತ್ತವೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರ ಅಧ್ಯಯನದಲ್ಲಿ 45 ಜನ ಜಾಲತಾಣಗಳನ್ನು ಹೇಗೆ ಪರಿಶೀಲಿಸುತ್ತಾರೆ ಎಂದು ನೋಡಿದರು: 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು, 25 ವಿದ್ಯಾರ್ಥಿಗಳು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಹೆಚ್ಚಾಗಿ ಆ ತಾಣದೊಳಗೇ ಮೇಲಿಂದ ಕೆಳಗೆ ಓದುತ್ತ ಕೂತರು, ಲೋಗೋ ಮತ್ತು ವಿಳಾಸದ ಬಾಲಕ್ಕೆ (ಕೊನೆಯ ಡಾಟ್ ಆರ್ಗ್ ಥರದ ಭಾಗಕ್ಕೆ) ಮರುಳಾದರು. ಸತ್ಯಶೋಧಕರು ಬೇಗನೆ ಆ ತಾಣ ಬಿಟ್ಟು ಹೊರಟು, ಹೊಸ ಟ್ಯಾಬುಗಳಲ್ಲಿ ಅದರ ಬಗ್ಗೆ ಬೇರೆಯವರು ಏನೆನ್ನುತ್ತಾರೆ ಎಂದು ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ಇದಕ್ಕೆ ಪಾರ್ಶ್ವ ಓದು ಎನ್ನಬಹುದು.

ತರಗತಿಯಲ್ಲಿ ಹೀಗೆ ಮಾಡಿ. ಇಬ್ಬಿಬ್ಬರ ಜೋಡಿ, ಪ್ರತಿ ಜೋಡಿಗೆ ಒಂದು ಪರಿಚಯವಿಲ್ಲದ ತಾಣ. ಮೊದಲ ನಿಮಿಷ ಕೈಕಟ್ಟಿ ಕೂರಬೇಕು, ಹಂಚಬಾರದು, ನಂಬಬಾರದು. ಮುಂದಿನ ನಾಲ್ಕು ನಿಮಿಷ ತಾಣದಿಂದ ಹೊರಗೆ: ಇದನ್ನು ನಡೆಸುವವರು ಯಾರು, ಹಣ ಎಲ್ಲಿಂದ ಬರುತ್ತದೆ, ಬೇರೆಯವರು ಏನು ಬರೆದಿದ್ದಾರೆ. ಆಮೇಲೆ ನಾಲ್ಕು ನಿಮಿಷ, ಅದೇ ಸುದ್ದಿಗೆ ಇನ್ನೂ ಒಳ್ಳೆಯ ಆಕರ ಇದೆಯೇ ಎಂಬ ಹುಡುಕಾಟ. ಕೊನೆಗೆ ಮೂಲಕ್ಕೆ ಹೋಗುವುದು: ಫೋಟೋ ಆದರೆ ಚಿತ್ರ ಕೊಟ್ಟು ಹಿಮ್ಮುಖವಾಗಿ ಹುಡುಕುವುದು, ಹೇಳಿಕೆಯಾದರೆ ಪೂರ್ತಿ ಭಾಷಣ ಅಥವಾ ವರದಿ ತೆರೆಯುವುದು. ಮೈಕ್ ಕಾಲ್‌ಫೀಲ್ಡ್ ರೂಪಿಸಿದ ಸಿಫ್ಟ್ ಎಂಬ ನಾಲ್ಕು ನಡೆಗಳ ಕ್ರಮವೂ ಇದೇ: ನಿಲ್ಲು, ಮೂಲ ಯಾರೆಂದು ವಿಚಾರಿಸು, ಉತ್ತಮ ವರದಿ ಹುಡುಕು, ಮೂಲ ಸಂದರ್ಭಕ್ಕೆ ಹೋಗು.

ಈ ಹಂತದಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, "ವಿಳಾಸದ ಕೊನೆಯಲ್ಲಿ ಡಾಟ್ ಆರ್ಗ್ ಇದ್ದರೆ ನಂಬಬಹುದು" ಎಂದು ಕಲಿಸುವುದು. ಆ ಬಾಲವನ್ನು ಯಾರು ಬೇಕಾದರೂ ಕೊಳ್ಳಬಹುದು. ಎರಡು, ವಿಕಿಪೀಡಿಯವನ್ನು ಸಾರಾಸಗಟು ನಿಷೇಧಿಸುವುದು. ನಿಷೇಧಿಸಿದರೆ ಕದ್ದು ಓದುತ್ತಾರೆ. ಅದರ ಬದಲು ಪುಟದ ಕೆಳಗಿನ ಉಲ್ಲೇಖಪಟ್ಟಿ, 'ಇತಿಹಾಸ', 'ಚರ್ಚೆ' ಪುಟಗಳನ್ನು ತೆರೆಯಿಸಿ. ಹುಡುಕಾಟದ ಆರಂಭಕ್ಕೆ ಅದು ಸೊಗಸಾದ ಜಾಗ, ಕೊನೆಯ ನಿಲ್ದಾಣ ಅಲ್ಲ. ಮೂರು, ನಕಲಿ ತಾಣಕ್ಕೆ ಉದಾಹರಣೆಯಾಗಿ 1998ರಿಂದ ಪ್ರಸಿದ್ಧವಾಗಿರುವ 'ಮರದ ಆಕ್ಟೋಪಸ್' ತಮಾಷೆ ತಾಣವೊಂದನ್ನೇ ತೋರಿಸಿ ಮುಗಿಸುವುದು. ಅಷ್ಟು ಢಾಳಾದ ಸುಳ್ಳಿನಿಂದ ಮಕ್ಕಳು ಕಲಿಯುವುದು 'ಸುಳ್ಳು ನೋಡಿದರೆ ಗೊತ್ತಾಗುತ್ತದೆ' ಎಂಬ ತಪ್ಪು ಪಾಠ. ಅರ್ಧ ನಿಜ ಇರುವ ಪುಟ ಕೊಡಿ. ಜೊತೆಗೆ ಪೂರ್ತಿ ನಂಬಲರ್ಹವಾದ ಒಂದೆರಡು ಪುಟಗಳೂ ಇರಲಿ. ಇಲ್ಲದಿದ್ದರೆ ಅವರು ವಿಮರ್ಶೆಯ ಬದಲು ಸಿನಿಕತನ ಕಲಿತು, "ಎಲ್ಲವೂ ಸುಳ್ಳೇ" ಎಂದು ಎದ್ದುಹೋಗುತ್ತಾರೆ.

ಮೂರನೆಯ ತರಗತಿಯಲ್ಲಿ ಎರಡು ಆಕರಗಳನ್ನು ಸೇರಿಸಿ ಒಂದು ಪ್ಯಾರಾ ಬರೆಸಿ. ಅವು ಎಲ್ಲಿ ಒಪ್ಪುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಹೇಳುವ ಒಂದು ವಾಕ್ಯ ಅದರಲ್ಲಿ ಇರಲೇಬೇಕು.

5. ಕಾಲೇಜು ಗ್ರಂಥಾಲಯ

ಮೊದಲ ನಿಯಮ: ನಿಯೋಜಿತ ಬರವಣಿಗೆ, ಅಂದರೆ ಅಸೈನ್‌ಮೆಂಟ್, ಇಲ್ಲದೆ ತರಗತಿ ಬೇಡ. ಪ್ರವೇಶದ ಮೊದಲ ವಾರ ಹೇಳಿದ್ದು ನಾಲ್ಕನೇ ತಿಂಗಳಿಗೆ ಉಳಿಯುವುದಿಲ್ಲ. ಅಸೈನ್‌ಮೆಂಟ್ ಕೊಟ್ಟ ಒಂದರಿಂದ ಎರಡು ವಾರದೊಳಗೆ, ವಿಷಯ ಆಯ್ಕೆಯಾಗಿ ಗೊಂದಲ ಶುರುವಾದ ಹೊತ್ತಿಗೆ ಹೋಗಿ. ಹುಡುಕುವವರ ಮನಃಸ್ಥಿತಿಯನ್ನು ವರ್ಷಗಟ್ಟಲೆ ಅಭ್ಯಸಿಸಿದ ಕ್ಯಾರಲ್ ಕುಲ್ತೌ ತೋರಿಸಿದ್ದು ಇದನ್ನೇ: ಹುಡುಕಾಟದ ನಡುವೆ, ಗಮನ ಒಂದು ಕಡೆ ನಿಲ್ಲುವ ಮೊದಲು, ಗೊಂದಲವೂ ಅನುಮಾನವೂ ಹೆಚ್ಚುತ್ತವೆ. ಸಹಾಯ ನಾಟುವುದು ಆಗಲೇ. ಇದು ಸಹಜ ಎಂದು ವಿದ್ಯಾರ್ಥಿಗಳಿಗೆ ಬಾಯಿಬಿಟ್ಟು ಹೇಳಿ. ಹಲವರು ದಡ್ಡತನ ಅಂದುಕೊಂಡು ಕೈಬಿಡುತ್ತಾರೆ.

ಹುಡುಕಾಟಕ್ಕೆ ಪರಿಕಲ್ಪನೆಯ ಕೋಷ್ಟಕ ಹಾಕಿಸಿ. ಮೊಬೈಲ್ ಮತ್ತು ನಿದ್ರೆಯ ಅದೇ ಪ್ರಶ್ನೆಗೆ ಮೂರು ಕಂಬಸಾಲು: ಹದಿಹರೆಯದವರು, ಮೊಬೈಲ್, ನಿದ್ರೆ. ಪ್ರತಿಯೊಂದರ ಕೆಳಗೆ ಮೂರು ನಾಲ್ಕು ಸಮಾನಪದ. ಒಂದೇ ಕಂಬಸಾಲಿನ ಪದಗಳ ನಡುವೆ 'ಆರ್', ಕಂಬಸಾಲುಗಳ ನಡುವೆ 'ಆ್ಯಂಡ್'. ಇವು ಬೂಲಿಯನ್ ಸಂಕೇತಗಳು: 'ಆರ್' ಬಲೆಯನ್ನು ಹಿಗ್ಗಿಸುತ್ತದೆ, 'ಆ್ಯಂಡ್' ಕುಗ್ಗಿಸುತ್ತದೆ. ಡೇಟಾಬೇಸಿನಲ್ಲಿ (ಲೇಖನಗಳನ್ನು ಹುಡುಕುವ ಗಣಕ ಭಂಡಾರದಲ್ಲಿ) ಇವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಟೈಪಿಸುವ ಅಭ್ಯಾಸ ಮಾಡಿಸಿ. 'ಆರ್' ಗುಂಪಿಗೆ ಆವರಣ ಹಾಕದೆ 'ಆ್ಯಂಡ್' ಸೇರಿಸುವುದು ವಿದ್ಯಾರ್ಥಿಗಳು ಹೆಚ್ಚಾಗಿ ಮಾಡುವ ತಪ್ಪು. ಆಗ ಸಾವಿರಾರು ಅಸಂಬದ್ಧ ಫಲಿತಾಂಶಗಳು ಬಂದು, "ಡೇಟಾಬೇಸ್ ಸರಿಯಿಲ್ಲ" ಎಂಬ ತೀರ್ಮಾನವಾಗುತ್ತದೆ. 'ನಾಟ್' ಸಂಕೇತವನ್ನು ಕಲಿಸಿ, ಆದರೆ ಬಳಸದಂತೆ ಎಚ್ಚರಿಸಿ. ಬೇಡವಾದ ಪದದ ಜೊತೆ ಬೇಕಾದ ಲೇಖನವೂ ಹೊರಟುಹೋಗುತ್ತದೆ.

ಮುಂದಿನದು ನಿಯಂತ್ರಿತ ಪದಕೋಶ: ಲೇಖಕರು ಯಾವ ಪದವನ್ನೇ ಬಳಸಿರಲಿ, ಸೂಚಿಕಾರರು ಎಲ್ಲಕ್ಕೂ ಹಚ್ಚುವ ಒಂದೇ ಅಧಿಕೃತ ಶೀರ್ಷಿಕೆ. ವೈದ್ಯಕೀಯ ಡೇಟಾಬೇಸ್ ಪಬ್‌ಮೆಡ್‌ನಲ್ಲಿ ಹೃದಯಾಘಾತದ ಲೇಖನಗಳು 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಶೀರ್ಷಿಕೆಯಡಿ, ಕ್ಯಾನ್ಸರಿನವು 'ನಿಯೋಪ್ಲಾಸಮ್ಸ್' ಅಡಿ ಸೇರುತ್ತವೆ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಶೀರ್ಷಿಕೆಗಳನ್ನು ನೋಡಿ ಅವನ್ನೇ ಹಿಡಿದು ಮತ್ತೆ ಹುಡುಕುವುದು, ಹೊಸಬರಿಗೆ ಅತಿ ಸುಲಭದ ಉಪಾಯ.

ಸಹತಜ್ಞರ ಪರಿಶೀಲನೆ (ಪ್ರಕಟಣೆಗೆ ಮೊದಲು ಅದೇ ಕ್ಷೇತ್ರದವರು ಓದಿ ಒಪ್ಪುವ ಪದ್ಧತಿ) ಎಂದರೇನು ಎಂದು ವಿವರಿಸುವಾಗ ಅದನ್ನು ಪವಿತ್ರ ಮುದ್ರೆಯಂತೆ ಕಲಿಸಬೇಡಿ. ಲಸಿಕೆಯನ್ನೂ ಆಟಿಸಂ ಅನ್ನೂ ಗಂಟುಹಾಕಿ ಅನುಮಾನ ಹಬ್ಬಿಸಿದ ಲೇಖನ 1998ರಲ್ಲಿ ದಿ ಲ್ಯಾನ್ಸೆಟ್ ಎಂಬ ಪ್ರತಿಷ್ಠಿತ ಜರ್ನಲ್‌ನಲ್ಲಿ, 12 ಮಕ್ಕಳ ವಿವರದ ಮೇಲೆ ಬಂದಿತ್ತು. ಜರ್ನಲ್ ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಈ ಒಂದು ಉದಾಹರಣೆಯಿಂದ ಮೂರು ಪಾಠ: ಪರಿಶೀಲನೆಯ ಜರಡಿಯಲ್ಲೂ ತೂತುಗಳಿವೆ, ಎಷ್ಟು ಜನರನ್ನು ನೋಡಿದ್ದಾರೆ ಎಂಬುದು ಮುಖ್ಯ, ಉಲ್ಲೇಖಿಸುವ ಮೊದಲು 'ಹಿಂತೆಗೆದುಕೊಳ್ಳಲಾಗಿದೆ' ಎಂಬ ಸೂಚನೆ ಇದೆಯೇ ನೋಡಬೇಕು.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳ ಬಗ್ಗೆ ಕೇಳದ ಗ್ರಂಥಪಾಲಕರಿಲ್ಲ. ಬೈಯುವುದರಿಂದ ಉಪಯೋಗವಿಲ್ಲ, ಪರೀಕ್ಷೆಗೆ ಒಡ್ಡಿ. ಚಾಟ್‌ಬಾಟ್ ಕೊಟ್ಟ ಐದು ಉಲ್ಲೇಖಗಳನ್ನು ವಿದ್ಯಾರ್ಥಿಗಳೇ ಪರಿಶೀಲಿಸಲಿ. ಡಿಒಐ ಎಂದರೆ ಲೇಖನದ ಶಾಶ್ವತ ಗುರುತುಸಂಖ್ಯೆ, ಅದು 10 ಮತ್ತು ಒಂದು ಚುಕ್ಕಿಯಿಂದ ಶುರುವಾಗುತ್ತದೆ. ಅದು ತೆರೆದುಕೊಳ್ಳುತ್ತದೆಯೇ? ತೆರೆದ ಪುಟದ ಶೀರ್ಷಿಕೆ, ಲೇಖಕರು ಹೊಂದುತ್ತಾರೆಯೇ? ಕೊನೆಗೆ, ಲೇಖನ ನಿಜಕ್ಕೂ ಆ ಮಾತನ್ನು ಹೇಳುತ್ತದೆಯೇ? ಪೂರ್ತಿ ಕಲ್ಪಿತ ಉಲ್ಲೇಖ ಒಂದೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಲೇಖನ ನಿಜವಿದ್ದು, ಅದರ ಬಾಯಲ್ಲಿ ಇಲ್ಲದ ಮಾತು ಇಟ್ಟಿರುವುದೇ ಹೆಚ್ಚು ಅಪಾಯ. ಅದು ಓದದೆ ಗೊತ್ತಾಗುವುದಿಲ್ಲ.

6. ಸಂಶೋಧನಾ ಗ್ರಂಥಾಲಯ

ಇಲ್ಲಿ ಗುಂಪಿನ ತರಗತಿಗಿಂತ ಒಬ್ಬೊಬ್ಬರ ಜೊತೆ 45 ನಿಮಿಷ ಕೂರುವುದು ಫಲ ಕೊಡುತ್ತದೆ. ಮೊದಲ ಭೇಟಿಯಲ್ಲೇ ಹುಡುಕಾಟದ ದಿನಚರಿ ಶುರುಮಾಡಿಸಿ: ದಿನಾಂಕ, ಡೇಟಾಬೇಸ್, ಟೈಪಿಸಿದ ಪೂರ್ತಿ ಸಾಲು, ಸಿಕ್ಕ ಸಂಖ್ಯೆ, ಉಳಿಸಿಕೊಂಡ ಸಂಖ್ಯೆ. ಇದಿಲ್ಲದವರು ಆರು ತಿಂಗಳ ನಂತರ ಅದೇ ಹುಡುಕಾಟವನ್ನು ಮೊದಲಿಂದ ಮಾಡುತ್ತಾರೆ. ವ್ಯವಸ್ಥಿತ ಸಮೀಕ್ಷೆ (ಒಂದು ಪ್ರಶ್ನೆಗೆ ಸಂಬಂಧಿಸಿದ ಎಲ್ಲ ಅಧ್ಯಯನಗಳನ್ನು ನಿಯಮಬದ್ಧವಾಗಿ ಒಟ್ಟುಗೂಡಿಸುವುದು) ಮಾಡುವವರಿಗಂತೂ ಈ ದಿನಚರಿ ಕಡ್ಡಾಯ. ಪ್ರಿಸ್ಮಾ 2020 ಎಂಬ 27 ಅಂಶಗಳ ವರದಿ ಪಟ್ಟಿ ಡೇಟಾಬೇಸ್‌ಗಳ ಪೂರ್ತಿ ಹುಡುಕಾಟ ಸಾಲನ್ನು ಕೇಳುತ್ತದೆ.

ಎರಡನೆಯದು ಉಲ್ಲೇಖಗಳ ಸರಪಳಿ. ಒಂದು ಮುಖ್ಯ ಲೇಖನದಿಂದ ಹಿಂದಕ್ಕೆ, ಅದು ಯಾರನ್ನು ಉಲ್ಲೇಖಿಸಿದೆ. ಮುಂದಕ್ಕೆ, ಅದನ್ನು ಯಾರು ಉಲ್ಲೇಖಿಸಿದ್ದಾರೆ. ಹೊಸ ಹೆಸರು ಬರುವುದು ನಿಂತಾಗ ಹುಡುಕಾಟ ನಿಲ್ಲಿಸಬಹುದು. ಉಲ್ಲೇಖ ಜೋಡಿಸುವ ತಂತ್ರಾಂಶವನ್ನು ಮೊದಲ ದಿನವೇ ಹಾಕಿಸಿ, ಆದರೆ ಅದು ಎಳೆದುಕೊಂಡ ವಿವರಗಳನ್ನು ಕಣ್ಣಿನಿಂದ ತಿದ್ದುವ ರೂಢಿಯನ್ನೂ ಹಚ್ಚಿ. ಹೆಸರು ಹಿಂದುಮುಂದಾಗುವುದು, ವರ್ಷ ಬಿಟ್ಟುಹೋಗುವುದು ತೀರಾ ಸಾಮಾನ್ಯ.

ಸಂಶೋಧಕರು ಓದುಗರಷ್ಟೇ ಅಲ್ಲ, ಪ್ರಕಟಿಸುವವರೂ ಹೌದು. ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚುಹಾಕುವ ಸುಲಿಗೆ ಜರ್ನಲ್‌ಗಳ ಗುರುತು ಹೇಳಿಕೊಡಿ: ಕೇಳದೆ ಬರುವ ಹೊಗಳಿಕೆಯ ಇಮೇಲ್, ಕೆಲವೇ ದಿನದಲ್ಲಿ ಪ್ರಕಟಣೆಯ ಭರವಸೆ, ವಿಳಾಸವಿಲ್ಲದ ಸಂಪಾದಕ ಮಂಡಳಿ. ಪ್ರೌಢಶಾಲೆಯಲ್ಲಿ ಕಲಿತ ಪಾರ್ಶ್ವ ಓದು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ: ಜರ್ನಲ್ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎಂಬುದನ್ನು ಬಿಟ್ಟು ಹೊರಗೆ ಹೋಗಿ ವಿಚಾರಿಸಿ.

7. ಸಾರ್ವಜನಿಕ ಗ್ರಂಥಾಲಯ

ಇದು ಏಣಿಯ ಒಂದು ಮೆಟ್ಟಿಲಲ್ಲ. ಎಲ್ಲ ಮೆಟ್ಟಿಲಿನವರೂ ಒಂದೇ ಬಾಗಿಲಲ್ಲಿ ಬರುತ್ತಾರೆ, ಮೆಟ್ಟಿಲನ್ನೇ ಹತ್ತದವರೂ ಬರುತ್ತಾರೆ. ಪಠ್ಯಕ್ರಮ, ಹಾಜರಿ, ಅಂಕ ಯಾವುದೂ ಇಲ್ಲ. 'ಮಾಹಿತಿ ಸಾಕ್ಷರತಾ ಕಾರ್ಯಾಗಾರ' ಎಂದು ಬೋರ್ಡು ಹಾಕಿದರೆ ಕುರ್ಚಿಗಳು ಖಾಲಿ ಉಳಿಯುತ್ತವೆ. 'ಮೋಸದ ಸಂದೇಶ ಗುರುತಿಸುವುದು', 'ವೈದ್ಯರು ಹೇಳಿದ ಕಾಯಿಲೆಯ ಬಗ್ಗೆ ಓದುವುದು', 'ಉದ್ಯೋಗದ ಜಾಹೀರಾತು ನಿಜವೇ' ಎಂದು ಜನರ ಅಗತ್ಯದ ಹೆಸರಿಡಿ. 60 ನಿಮಿಷ, ಎಂಟರಿಂದ ಹತ್ತು ಜನ, ಒಂದೇ ನಡೆ.

ಕಲಿಸುವ ದೊಡ್ಡ ಅವಕಾಶ ಮೇಜಿನ ಬಳಿ, ಯಾರಾದರೂ ಏನಾದರೂ ಕೇಳಿದಾಗ. ಉತ್ತರ ಹುಡುಕಿ ಕೊಟ್ಟು ಕಳಿಸಬೇಡಿ, ಪರದೆಯನ್ನು ಅವರ ಕಡೆ ತಿರುಗಿಸಿ, ಮಾಡುತ್ತಿರುವುದನ್ನು ಬಾಯಲ್ಲಿ ಹೇಳುತ್ತ ಹುಡುಕಿ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಆತುರದಲ್ಲಿರುವವರಿಗೆ ಮಾತ್ರ ಉತ್ತರ ಕೊಟ್ಟುಬಿಡಿ. ಆಸ್ಪತ್ರೆಗೆ ಓಡುತ್ತಿರುವವರಿಗೆ ಪಾಠ ಮಾಡುವುದು ಕ್ರೌರ್ಯ.

ಎರಡು ಎಚ್ಚರಿಕೆ. ವಯಸ್ಕರಿಗೆ ಮುನ್ಪರೀಕ್ಷೆ ಬೇಡ, ನಾಚಿಕೆಯಾದವರು ಮತ್ತೆ ಬರುವುದಿಲ್ಲ. ಪ್ರೊಜೆಕ್ಟರಿನಲ್ಲಿ ಯಾರ ಸ್ವಂತ ಫೋನ್, ಇಮೇಲ್, ಸಂದೇಶವನ್ನೂ ತೋರಿಸಬಾರದು, ಅವರೇ ಮುಂದೆ ಬಂದು ಕೊಟ್ಟರೂ. ಉದಾಹರಣೆಗಳನ್ನು ನೀವೇ ಸಿದ್ಧಪಡಿಸಿಡಿ.

8. ವಿಶೇಷ ಗ್ರಂಥಾಲಯಗಳು

ಆಸ್ಪತ್ರೆ, ನ್ಯಾಯಾಲಯ, ಕಂಪನಿಗಳಲ್ಲಿ ಜನರಿಗೆ ಕಲಿಯಲು ಹೊತ್ತಿಲ್ಲ, ತಪ್ಪಿಗೆ ಬೆಲೆ ಹೆಚ್ಚು. 15 ನಿಮಿಷದ ಪಾಠ, ಅವರ ಕೈಯಲ್ಲಿರುವ ಪ್ರಕರಣದ ಮೇಲೆಯೇ. ವೈದ್ಯರು, ದಾದಿಯರಿಗೆ ಪೈಕೋ ಸೂತ್ರ ಸಾಕು: ರೋಗಿ ಯಾರು, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಕ್ಕಾಗಿ. ಪ್ರಶ್ನೆ ಈ ನಾಲ್ಕರಲ್ಲಿ ಕೂತರೆ ಹುಡುಕಾಟ ತಾನೇ ಕೂರುತ್ತದೆ. ಎಂಜಿನಿಯರುಗಳಿಗೆ ಮುಖ್ಯವಾದದ್ದು ಮಾನಕದ (ತಾಂತ್ರಿಕ ಗುಣಮಟ್ಟದ ನಿಯಮಾವಳಿಯ) ಆವೃತ್ತಿ: ಕೈಯಲ್ಲಿರುವುದು ಚಾಲ್ತಿಯಲ್ಲಿದೆಯೋ, ರದ್ದಾಗಿದೆಯೋ. ವಕೀಲರಿಗೆ ತೀರ್ಪು ಸಿಕ್ಕರೆ ಸಾಲದು, ಮೇಲಿನ ನ್ಯಾಯಾಲಯ ಅದನ್ನು ಆಮೇಲೆ ತಳ್ಳಿಹಾಕಿದೆಯೇ ಎಂದು ನೋಡುವುದೇ ಪಾಠದ ಅರ್ಧ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರೊಬ್ಬರು, ಚಾಟ್‌ಜಿಪಿಟಿ ಹುಟ್ಟುಹಾಕಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿದರು. ತರಗತಿ ಶುರುಮಾಡಲು ಆ ಒಂದು ಸಾಲು ಸಾಕು, ಎಲ್ಲರೂ ಫೋನ್ ಕೆಳಗಿಡುತ್ತಾರೆ.

9. ಅಳೆಯುವುದು, ದಾಟಿಸುವುದು

"ತರಗತಿ ಚೆನ್ನಾಗಿತ್ತೇ?" ಎಂಬ ಅಭಿಪ್ರಾಯ ಪತ್ರ ನಿಮ್ಮ ನಗುಮುಖವನ್ನು ಅಳೆಯುತ್ತದೆ, ಕಲಿಕೆಯನ್ನಲ್ಲ. ತರಗತಿಗೆ ಮೊದಲಿನ 20 ಬರಹ, ನಂತರದ 20 ಬರಹ ತೆಗೆದುಕೊಂಡು ಉಲ್ಲೇಖಪಟ್ಟಿಗಳನ್ನು ಮಾತ್ರ ಓದಿ. ಎಷ್ಟು ಬಗೆಯ ಆಕರಗಳಿವೆ, ಎಷ್ಟು ಪತ್ತೆಹಚ್ಚಬಹುದಾದವು, ಬರಹದೊಳಗೆ ನಿಜಕ್ಕೂ ಬಳಕೆಯಾದವು ಎಷ್ಟು ಎಂದು 0, 1, 2 ಅಂಕ ಕೊಡಿ. ಹೆಸರುಗಳನ್ನು ಮುಚ್ಚಿ, ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಟ್ಟು ಹೋಲಿಸಿ. ಒಂದು ಮಧ್ಯಾಹ್ನದ ಕೆಲಸ. ಪಟ್ಟಿ ಉದ್ದವಾದ ಮಾತ್ರಕ್ಕೆ ಹಿಗ್ಗಬೇಡಿ. ಕೊನೆಯ ರಾತ್ರಿ ತುಂಬಿಸಿದ ಪಟ್ಟಿಯೂ ಉದ್ದವಾಗಿರುತ್ತದೆ.

ದಾಟಿಸಲು ಒಂದು ಕಾರ್ಡು ಮಾಡಿ. ಮುಂಬದಿಯಲ್ಲಿ ಐದು ಎಳೆಗಳು, ಪ್ರತಿಯೊಂದರ ಮುಂದೆ ನಿಮ್ಮಲ್ಲಿ ಕಲಿಸಿದ್ದು ಒಂದು ಸಾಲು, ಬಳಸಿದ ಪದಗಳು, ಮುಗಿಯದೆ ಉಳಿದದ್ದು. ಇದು ವಿದ್ಯಾರ್ಥಿಗಳ ಅಂಕಪಟ್ಟಿಯಲ್ಲ, ಯಾರ ಹೆಸರೂ ಇರಬಾರದು. ಇಡೀ ತಂಡದ ಸ್ಥಿತಿ ಮಾತ್ರ. ಮುಂದಿನ ಗ್ರಂಥಾಲಯಕ್ಕೆ ಶೈಕ್ಷಣಿಕ ವರ್ಷ ಶುರುವಾಗುವ ಎರಡು ತಿಂಗಳ ಮೊದಲೇ ತಲುಪಲಿ, ಆಮೇಲೆ ಹೋದರೆ ಅವರ ವೇಳಾಪಟ್ಟಿ ಗಟ್ಟಿಯಾಗಿರುತ್ತದೆ. ಅಲ್ಲಿನವರು ಆಸಕ್ತಿ ತೋರದಿದ್ದರೆ ಕಾರ್ಡನ್ನು ವಿದ್ಯಾರ್ಥಿಗಳ ಕೈಗೇ ಕೊಡಿ, "ನನಗೆ ಇಷ್ಟು ಬರುತ್ತದೆ, ಇದು ಬರುವುದಿಲ್ಲ" ಎಂದು ಹೊಸ ಗ್ರಂಥಪಾಲಕರಿಗೆ ತೋರಿಸಲು. ಹಿಂಬದಿಯನ್ನು ಖಾಲಿ ಬಿಡಿ. ಮುಂದಿನವರು ತಮ್ಮ ಮುನ್ಪರೀಕ್ಷೆಯಲ್ಲಿ ಕಂಡದ್ದನ್ನು ಅಲ್ಲಿ ಬರೆದು ವಾಪಸು ಕಳಿಸಲಿ. ನಿಮ್ಮ ಮುಂದಿನ ವರ್ಷದ ತರಗತಿಗಳನ್ನು ಆ ಹಿಂಬದಿ ನೋಡಿ ಗೊತ್ತುಮಾಡಿ.